ಮಂಜು, ಹಿಮ, ಬರಫ್: ಸುಡುನೆಲದ ಓದುಗನೊಬ್ಬನ ಟಿಪ್ಪಣಿ

ಎಂ.ಟಿ. ವಾಸುದೇವನ್ ನಾಯರ್ ಅವರ 'ಮಞ್ಞ್' ಕಾದಂಬರಿ 1964ರದ್ದು. ಅದರ ಹೆಸರನ್ನು ಕನ್ನಡಕ್ಕೆ ತರಲು ಅನುವಾದಕ ಏನೂ ಕಷ್ಟಪಡಬೇಕಾಗಿಲ್ಲ. ಮಲಯಾಳದ ಮಞ್ಞ್, ಕನ್ನಡದ ಮಂಜು, ತೆಲುಗಿನ ಮಂಚು, ತುಳುವಿನ ಮೈಂದ್ ಎಲ್ಲವೂ ಒಂದೇ ಬೇರಿನ ಮಾತುಗಳು. ಇಂಗ್ಲಿಷಿನವರಿಗೆ ಮಾತ್ರ ತೊಡಕಾಯಿತು. ಆ ಭಾಷೆಯಲ್ಲಿ ಬೆಳಗಿನ ಮುಸುಕಿಗೆ ಒಂದು ಶಬ್ದ, ಹುಲ್ಲಿನ ಮೇಲಿನ ಹನಿಗೆ ಇನ್ನೊಂದು, ಆಕಾಶದಿಂದ ಉದುರುವ ಬಿಳಿಯ ಹಳುಕಿಗೆ ಮತ್ತೊಂದು. ಅವರು ಒಂದನ್ನು ಆರಿಸಿಕೊಳ್ಳಲೇಬೇಕಿತ್ತು, 'ಮಿಸ್ಟ್' ಎಂದರು. ಹಾಗೆ ಆರಿಸಿಕೊಂಡಾಗಲೇ ಕಾದಂಬರಿಯ ಒಂದು ಭಾಗ ಕೈಬಿಟ್ಟುಹೋಯಿತೆಂದು ನನ್ನ ಭಾವನೆ. ನೈನಿತಾಲಿನ ವಸತಿ ಶಾಲೆಯ ಅಧ್ಯಾಪಕಿ ವಿಮಲಾ ವರ್ಷಗಟ್ಟಲೆ ಸುಧೀರ್‌ಕುಮಾರ್ ಮಿಶ್ರನಿಗಾಗಿ ಕಾಯುತ್ತಾಳೆ. ದೋಣಿಯ ಹುಡುಗ ಬುದ್ದು ತಾನು ಕಾಣದ ಬಿಳಿಯ ತಂದೆಗಾಗಿ ಕಾಯುತ್ತಾನೆ. ಕಥೆ ನಡೆಯುವುದು ಪ್ರವಾಸಿಗರು ಬಂದು ತುಂಬುವ ಸೀಸನ್ನಿನಲ್ಲಿ. ಹೆಪ್ಪುಗಟ್ಟಿರುವುದು ಕಾಲ. ಮುಸುಕು, ಹನಿ, ಹಿಮ ಮೂರನ್ನೂ ಒಳಗಿಟ್ಟುಕೊಂಡ ನಮ್ಮ ದ್ರಾವಿಡ ಶಬ್ದವೊಂದರಿಂದ ಮಾತ್ರ ಆ ಕಾದಂಬರಿಗೆ ಹೆಸರಿಡಲು ಸಾಧ್ಯವಿತ್ತು.

ಈ ಮಾತನ್ನು ಹೇಳುತ್ತಿರುವ ನಾನು ಹಿಮವನ್ನು ಕಣ್ಣಾರೆ ಕಂಡವನಲ್ಲ. ನನ್ನೂರು ಪೆದ್ದಹರಿವಾಣಂ, ಕರ್ನೂಲು ಜಿಲ್ಲೆಯ ಆದೋನಿ ಸೀಮೆಯದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೂರು ತಾಲೂಕುಗಳಲ್ಲಿ ಆದೋನಿಯೂ ಒಂದು. ಉಳಿದೆರಡು ಆಲೂರು ಮತ್ತು ರಾಯದುರ್ಗ. ಮೂರು ವರ್ಷದ ತರುವಾಯ ಕಾಸರಗೋಡಿಗೆ ಆದದ್ದನ್ನು ಈ ವಾರ್ಷಿಕದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಗಡಿಯ ಮಾತು ಅಷ್ಟಕ್ಕೇ ಸಾಕು. ನಮ್ಮದು ಎರೆಭೂಮಿ, ಹತ್ತಿ, ಕಡಲೆ, ಮೆಣಸಿನಕಾಯಿ; ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಇಂಥ ಕಡೆ ಕೂತು ಹಿಮದ ಸಾಹಿತ್ಯವನ್ನು ವಿಮರ್ಶಿಸುವ ಅಧಿಕಾರ ನಿನಗೇನಿದೆ ಎಂದು ಯಾರಾದರೂ ಕೇಳಬಹುದು. ಕನ್ನಡದಲ್ಲಿ ಹಿಮದ ಬಗ್ಗೆ ಬರೆದವರನ್ನು ಓದುವ ಬಹುಪಾಲು ಜನ ನನ್ನಂಥವರೇ. ಬರೆದದ್ದು ನಮಗೆ ತಲುಪಿತೇ ಇಲ್ಲವೇ ಎಂದು ಹೇಳಬೇಕಾದವರೂ ನಾವೇ.

ನಮ್ಮೂರಿನಲ್ಲಿ ಮಂಜು ಎಂದರೆ ಏನು? ಮಾಗಿಯ ರಾತ್ರಿ ಕಡಲೆ ಹೊಲದಲ್ಲಿ ತೆಳ್ಳನೆಯ ಬಿಳಿ ಅರಿವೆ ಹಾಸಿ ಬರುತ್ತಿದ್ದರು. ಬೆಳಗಾಗುವ ಹೊತ್ತಿಗೆ ಗಿಡದ ಹುಳಿಯೂ ಇಬ್ಬನಿಯೂ ಸೇರಿ ಅರಿವೆ ತೊಯ್ದಿರುತ್ತಿತ್ತು. ಅದನ್ನು ಹಿಂಡಿ ಶೀಸೆಯಲ್ಲಿಟ್ಟರೆ ವರ್ಷವಿಡೀ ಹೊಟ್ಟೆನೋವಿಗೆ ಮದ್ದು. ಆ ಅರಿವೆ ಎತ್ತುವಾಗ ಬೆರಳು ಜೋಮು ಹಿಡಿಯುವುದು, ಕಾಲಿನ ಒಡಕಿಗೆ ಹುಳಿ ತಾಗಿ ಚುರುಗುಟ್ಟುವುದು, ಇವು ನಮ್ಮ ಮಂಜಿನ ಅನುಭವಗಳು. ಮಂಜು ಕಡಲೆಗೆ ಒಳ್ಳೆಯದು. ಹೂವಿನ ಕಾಲದಲ್ಲಿ ದಟ್ಟವಾಗಿ ಕವಿದರೆ ತೊಗರಿಗೆ ಕೆಟ್ಟದ್ದು. ಒಂದೇ ಬೆಳಗಿನ ಮಂಜಿಗೆ ಒಬ್ಬ ಒಕ್ಕಲಿಗ ಸಂತೋಷಪಡುತ್ತಾನೆ, ಪಕ್ಕದ ಹೊಲದವನು ತಲೆಮೇಲೆ ಕೈ ಹೊತ್ತು ಕೂರುತ್ತಾನೆ. ಶಬ್ದ ಒಂದೇ ಆದರೂ ಅನುಭವ ಒರಟಾಗಲಿಲ್ಲ.

ಎಸ್ಕಿಮೋಗಳ ಭಾಷೆಯಲ್ಲಿ ಹಿಮಕ್ಕೆ ನೂರಾರು ಶಬ್ದಗಳಿವೆಯಂತೆ ಎಂಬ ಮಾತನ್ನು ನಾವೆಲ್ಲ ಭಾಷಣಗಳಲ್ಲಿ ಕೇಳಿದ್ದೇವೆ. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ 1911ರಲ್ಲಿ ಕೊಟ್ಟದ್ದು ನಾಲ್ಕೇ ಉದಾಹರಣೆ: ನೆಲದ ಮೇಲಿನದು, ಬೀಳುತ್ತಿರುವುದು, ಗಾಳಿಗೆ ತೂರುವುದು, ಗುಡ್ಡೆಯಾಗಿ ನಿಂತದ್ದು. ಆ ನಾಲ್ಕು ಬಾಯಿಂದ ಬಾಯಿಗೆ ಹೋಗಿ ನೂರಾಯಿತು. ಶಬ್ದಗಳ ಎಣಿಕೆಯಿಂದ ಅನುಭವದ ಆಳವನ್ನು ಅಳೆಯುವ ಈ ಚಟ ವಿಮರ್ಶೆಗೆ ಒಳ್ಳೆಯದಲ್ಲ. ಕನ್ನಡದಲ್ಲಿ ಹಿಮದ ಬರವಣಿಗೆ ಬಡವಾಗಿದ್ದರೆ ಅದಕ್ಕೆ ಕಾರಣ ಶಬ್ದದ ಕೊರತೆಯಲ್ಲ.

ಇದೇ ಜಾಡಿನಲ್ಲಿ ಇನ್ನೊಂದು ಶಬ್ದ. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ಬೀಳುವುದಕ್ಕೆ ನಾವು ಆಲಿಕಲ್ಲು ಎನ್ನುತ್ತೇವೆ. ಮಲಯಾಳದಲ್ಲಿ ಅದು ಆಲಿಪ್ಪಳಂ. ನಮಗೆ ಕಲ್ಲು, ಅವರಿಗೆ ಹಣ್ಣು. ಯಾವ ಕಾರಣದಿಂದ ಹೀಗಾಯಿತೆಂಬುದನ್ನು ಭಾಷಾಶಾಸ್ತ್ರಜ್ಞರಿಗೆ ಬಿಡೋಣ. ಮೆಣಸಿನ ಗಿಡಕ್ಕೆ ಬಿದ್ದ ಆಲಿಕಲ್ಲನ್ನು ನೋಡಿದವನ ಬಾಯಲ್ಲಿ ಹಣ್ಣು ಎಂಬ ಮಾತು ಬರುವುದು ಕಷ್ಟ. ಮುನ್ನಾರಿನ ಚಹಾ ತೋಟಗಳಲ್ಲೂ ಹೀಗೆಯೇ ಎರಡು ಮಾತುಗಳಿವೆ. ಜನವರಿಯಲ್ಲಿ ಅಲ್ಲಿ ರಾತ್ರಿಯ ಚಳಿ ಸೊನ್ನೆಗಿಂತ ಕೆಳಗಿಳಿದು ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ನೋಡಲು ವಾಹನಗಳ ಸಾಲು ಏರುತ್ತದೆ. ಪತ್ರಿಕೆಗಳು ದಕ್ಷಿಣದ ಕಾಶ್ಮೀರ ಎಂದು ಬರೆಯುತ್ತವೆ. ಬಿಸಿಲು ಬಂದ ಮೇಲೆ ಅದೇ ಗಿಡಗಳ ಚಿಗುರು ಕಂದಿ ಸುಟ್ಟಂತಾಗುತ್ತದೆ, ಎಲೆ ಕೀಳುವವರ ಕೆಲಸ ತಪ್ಪುತ್ತದೆ. ಪ್ರವಾಸಿಗೆ ಬಿಳಿ, ಕೂಲಿಗೆ ಕರಿ. ನಮ್ಮ ಹಿಮಸಾಹಿತ್ಯವೆಲ್ಲ ಈ ಇಬ್ಬರಲ್ಲಿ ಮೊದಲಿನವನ ಸಾಹಿತ್ಯ ಎಂಬುದೇ ನನ್ನ ತಕರಾರು.

ಇದರ ಬೇರು ಹಳೆಯದು. ನಮ್ಮ ಕಾವ್ಯದಲ್ಲಿ ಹಿಮ ಹವಾಮಾನವಾಗಿ ಬರುವ ಮೊದಲು ಮನುಷ್ಯನಾಗಿ ಬಂತು. ಹಂಪೆಯ ಹರಿಹರನ 'ಗಿರಿಜಾಕಲ್ಯಾಣ'ದಲ್ಲಿ ಹಿಮವಂತ ಮದುಮಗಳ ತಂದೆ, ಶಿವನಿಗೆ ಮಾವ. ಮಗಳ ಮದುವೆ ಮಾಡುವ ದೊಡ್ಡ ಯಜಮಾನನನ್ನು ಬಣ್ಣಿಸುವಾಗ ಅವನ ಮೈಕೊರೆಯುವ ಚಳಿಯನ್ನು ಯಾರು ಲೆಕ್ಕಿಸುತ್ತಾರೆ! ಅದಕ್ಕಿಂತ ಹಿಂದೆ ಕಾಳಿದಾಸ 'ಕುಮಾರಸಂಭವ'ದ ಆರಂಭದಲ್ಲೇ ಈ ಪ್ರಶ್ನೆಯನ್ನು ಮುಟ್ಟಿ ಜಾಣತನದಿಂದ ದಾಟಿಬಿಟ್ಟ. ಅವನ ಪ್ರಕಾರ ಹಿಮ ಆ ಪರ್ವತದ ಒಂದು ದೋಷ. ಅಷ್ಟೊಂದು ಗುಣಗಳ ನಡುವೆ ಚಂದ್ರನ ಕಲೆಯಂತೆ ಅದು ಮುಳುಗಿಹೋಗುತ್ತದೆ. ದೋಷ ಎಂದು ಕರೆದದ್ದರಲ್ಲಿ ಪ್ರಾಮಾಣಿಕತೆಯಿದೆ. ನಂತರ ಬಂದವರು ಆ ದೋಷವನ್ನೇ ಶೋಭೆ ಮಾಡಿ, ಧವಳ, ಶುಭ್ರ, ಪರಿಶುದ್ಧ ಎಂದು ಪೂಜೆಗಿಟ್ಟರು. ಹಂಪೆಯ ಕವಿಗೆ ಹಿಮ ಗೊತ್ತಿರಬೇಕಿರಲಿಲ್ಲ. ಅವನ ಕಾವ್ಯದ ಕೆಲಸವೇ ಬೇರೆ. ವಿಮಾನ ಹತ್ತಿ ಹೋಗಿ ಹಿಮದಲ್ಲಿ ನಿಂತ ನಮ್ಮ ಕಾಲದ ಲೇಖಕನಿಗೆ ಆ ರಿಯಾಯಿತಿ ಇಲ್ಲ.

ನವ್ಯರ ಕಾಲಕ್ಕೆ ಬಂದರೆ ಇನ್ನೊಂದು ಬಗೆಯ ಸೋಜಿಗ. ಅನಂತಮೂರ್ತಿಯವರು 'ಸಂಸ್ಕಾರ'ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಸ್ವೀಡನ್ನಿನ ಬರ್ಗ್‌ಮನ್ ಚಿತ್ರವೊಂದನ್ನು ನೋಡಿದ ಪ್ರೇರಣೆಯಿಂದ. ಹಿಮ ಬೀಳುವ ದೇಶದಲ್ಲಿ ಕೂತು, ಹಿಮದ ದೇಶದವನ ಸಿನಿಮಾ ನೋಡಿ ಬರೆದ ಕಾದಂಬರಿಯಲ್ಲಿ ಇರುವುದು ಅಗ್ರಹಾರದ ಬಿಸಿಲು, ಸತ್ತ ಇಲಿ, ಕೊಳೆಯುವ ಹೆಣ. ಎ.ಕೆ. ರಾಮಾನುಜನ್ 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಷಿಕಾಗೋದಲ್ಲಿದ್ದರು. 1967ರ ಜನವರಿ 26 ಮತ್ತು 27ರಂದು ಆ ನಗರದ ಮೇಲೆ 23 ಅಂಗುಲ ಹಿಮ ಬಿದ್ದು ಕಾರು-ಬಸ್ಸುಗಳು ರಸ್ತೆಯಲ್ಲೇ ಹೂತುಹೋದವು. ಎರಡು ವರ್ಷದ ತರುವಾಯ ಅವರ 'ಹೊಕ್ಕುಳಲ್ಲಿ ಹೂವಿಲ್ಲ' ಬಂತು. ಆ ಕವಿತೆಗಳಿಂದ ನನ್ನಲ್ಲಿ ಉಳಿದದ್ದು ಹಿಮವಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಇಬ್ಬರೂ ತಮಗೆ ಮೈಗತವಾಗದ್ದನ್ನು ಬರೆಯಲು ಹೋಗಲಿಲ್ಲ ಎಂಬುದು ಅವರ ಸಂಯಮ. ಹಿಮ ಅವರಿಗೆ ದೂರವನ್ನು ಕೊಟ್ಟಿತು. ಆ ದೂರದಿಂದ ಊರು ಸ್ಪಷ್ಟವಾಗಿ ಕಂಡಿತು. ಅಷ್ಟಾದರೂ ಉಪಕಾರ.

ಸಂಯಮ ತಪ್ಪಿದ್ದು ಪ್ರವಾಸ ಕಥನಗಳಲ್ಲಿ. ಗೊರೂರು, ಮೂರ್ತಿರಾಯರಂಥ ಹಿರಿಯರು ಅಮೆರಿಕಕ್ಕೆ ಹೋಗಿಬಂದು ಬರೆದಾಗ ನಮಗೆ ಅವರ ಕಣ್ಣಿಗಿಂತ ಅವರ ಮಾತು ಮುಖ್ಯವಾಗಿತ್ತು, ಆ ಮಾತಿಗಾಗಿಯೇ ಇಂದಿಗೂ ಓದುತ್ತೇವೆ. ಅವರ ಬೆನ್ನಿಗೆ ಬಂದ ಲೆಕ್ಕವಿಲ್ಲದಷ್ಟು ಪುಸ್ತಕಗಳಲ್ಲಿ ಒಂದು ಪುಟ ಕಡ್ಡಾಯ: ಬೆಳಗೆದ್ದು ಕಿಟಕಿ ತೆರೆದರೆ ಹೊರಗೆಲ್ಲ ಅರಳೆ ಹಾಸಿದಂತೆ ಹಿಮ! ಅರಳೆ ಇಲ್ಲದಿದ್ದರೆ ಹತ್ತಿ, ಅದೂ ಇಲ್ಲದಿದ್ದರೆ ಮಲ್ಲಿಗೆ.

ಈ ಅರಳೆಯ ಉಪಮೆಯ ಬಗ್ಗೆ ಆದೋನಿಯವನಾಗಿ ಸ್ವಲ್ಪ ಹೇಳಲೇಬೇಕು. ಹತ್ತಿ ನಮ್ಮ ಬದುಕು. ಕಾಯಿ ಒಡೆದು ನಿಂತ ಹತ್ತಿ ದೂರದಿಂದ ಬೆಳ್ಳಗೆ ಚೆಂದವೇ. ಬಿಡಿಸಲು ಹೋದ ಹೆಂಗಸರ ಬೆರಳಿಗೆ ಒಣಗಿದ ತೊಳೆಯ ತುದಿ ಚುಚ್ಚಿ ರಕ್ತ ಬರುತ್ತದೆ. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಹಾರುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡರೂ ಗಂಟಲಲ್ಲಿ ಧೂಳು; ಮುಂದೆ ಅದು ಕೆಮ್ಮು, ಉಬ್ಬಸ. ಅರಳೆಯ ರಾಶಿಯೊಳಗೆ ಕೈಯಿಟ್ಟರೆ ಕಾವು, ಒಂದು ಬೀಡಿಯ ಕಿಡಿ ಬಿದ್ದರೆ ಮುಗಿಯಿತು. ಬಿಸಿ, ಒಣಗು, ಧೂಳು, ಬೆಂಕಿ, ಇವೆಲ್ಲ ಅರಳೆಯ ಗುಣಗಳು. ಹಿಮ ತಣ್ಣಗಿನದು, ಒದ್ದೆಯಾದದ್ದು, ಭಾರವಾದದ್ದು, ಮನೆಯ ಸೂರನ್ನೇ ಕುಸಿಯುವಂತೆ ಮಾಡಬಲ್ಲದು. ಬಣ್ಣವೊಂದನ್ನು ಬಿಟ್ಟರೆ ಎರಡಕ್ಕೂ ಸಂಬಂಧವೇ ಇಲ್ಲ. ಈ ಉಪಮೆಯನ್ನು ಬಳಸಿದ ಲೇಖಕ ಹಿಮವನ್ನು ಕಾಣಲಿಲ್ಲ, ಅರಳೆಯನ್ನೂ ಕಾಣಲಿಲ್ಲ. ಎರಡನ್ನೂ ಕಿಟಕಿಯ ಈಚೆಯಿಂದ ನೋಡಿದ. ಉಪಮೆ ಅಂದರೆ ಗೊತ್ತಿದ್ದದ್ದರಿಂದ ಗೊತ್ತಿಲ್ಲದ್ದಕ್ಕೆ ಹಾಕುವ ಸೇತುವೆ. ಈಚೆ ದಂಡೆಯೇ ಗಟ್ಟಿಯಿಲ್ಲದಿದ್ದರೆ ಸೇತುವೆ ನಿಲ್ಲುವುದು ಎಲ್ಲಿ?

ಹಿಮದೊಳಗೆ ಹುಟ್ಟಿದವರು ಹೇಗೆ ಬರೆಯುತ್ತಾರೆ ಎಂಬುದಕ್ಕೆ ಟಾಲ್‌ಸ್ಟಾಯ್ 1895ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ 'ಮಾಸ್ಟರ್ ಅಂಡ್ ಮ್ಯಾನ್' ಎಂದಾದ ನೀಳ್ಗತೆಯನ್ನು ನೋಡಬಹುದು. ವ್ಯಾಪಾರಿ ಬ್ರೆಖುನೋವ್ ಒಂದು ಕಾಡಿನ ಸೌದೆ ಕುದುರಿಸಿಕೊಳ್ಳುವ ಆತುರದಲ್ಲಿ ಆಳು ನಿಕಿತನನ್ನು ಕರೆದುಕೊಂಡು ಹಿಮಗಾಳಿಯಲ್ಲಿ ಹೊರಡುತ್ತಾನೆ. ದಾರಿ ತಪ್ಪುತ್ತದೆ, ಬಂದ ಹಳ್ಳಿಗೇ ಮತ್ತೆ ಬರುತ್ತಾರೆ, ಮತ್ತೆ ತಪ್ಪುತ್ತದೆ. ಅಲ್ಲಿ ಹಿಮ ಬೆಳ್ಳಗಿದೆ ಎಂದು ಹೇಳಲು ಲೇಖಕನಿಗೆ ಪುರಸೊತ್ತೇ ಇಲ್ಲ. ಕುದುರೆ ಯಾವ ಕಡೆ ಕಿವಿ ನಿಮಿರಿಸಿತು, ಆಳಿನ ಕೋಟು ಎಲ್ಲಿ ಹರಿದಿದೆ, ಯಾರ ಮೈಯಲ್ಲಿ ಎಷ್ಟು ಬಿಸಿ ಉಳಿದಿದೆ, ಇವೇ ಕಥೆ. ಕೊನೆಗೆ ಯಜಮಾನ ಆಳಿನ ಮೇಲೆ ಮಲಗಿ ತನ್ನ ಮೈಬಿಸಿಯನ್ನು ಕೊಟ್ಟು ಸಾಯುತ್ತಾನೆ, ಆಳು ಉಳಿಯುತ್ತಾನೆ. 40 ಡಿಗ್ರಿ ಬಿಸಿಲಿನಲ್ಲಿ, ಫ್ಯಾನೂ ನಿಂತುಹೋದ ಮಧ್ಯಾಹ್ನ ನಾನು ಈ ಕಥೆ ಓದಿದ್ದೇನೆ. ಒಂದು ಉಪಮೆಯ ಹಂಗೂ ಇಲ್ಲದೆ ಚಳಿ ನನಗೆ ತಲುಪಿತು. ಮೈ ಎಲ್ಲ ದೇಶದಲ್ಲೂ ಮೈಯೇ.

ಲಡಾಖಿನ ಸಂಗತಿ ನಮಗೆ ಇನ್ನೂ ಹತ್ತಿರ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ-ಹಿಮ ಒಟ್ಟು ಸೇರಿದರೂ 100 ಮಿಲಿಮೀಟರಿನ ಆಸುಪಾಸು; ಬರದ ಸೀಮೆಯೆನಿಸಿಕೊಂಡ ನಮಗೇ ಅದರ ಹಲವು ಪಟ್ಟು ಬೀಳುತ್ತದೆ. ಅಲ್ಲಿಯ ಬಾರ್ಲಿ ಬೆಳೆಗೆ ಬೆಟ್ಟದ ಹಿಮ ಕರಗಿ ಬರುವ ನೀರೇ ಗತಿ. ಬಿತ್ತನೆಯ ಹೊತ್ತಿಗೆ ಮೇಲಿನ ಹಿಮ ಇನ್ನೂ ಕರಗಿರುವುದಿಲ್ಲವೆಂದು ಚೆವಾಂಗ್ ನೊರ್ಫೆಲ್ ಎಂಬ ಎಂಜಿನಿಯರು ಹಳ್ಳಿಗಳ ಹತ್ತಿರವೇ ಕಟ್ಟೆ ಕಟ್ಟಿ ಚಳಿಗಾಲದ ನೀರನ್ನು ಹೆಪ್ಪುಗಟ್ಟಿಸಿಡುವ ಉಪಾಯ ಮಾಡಿದರು. ಇದನ್ನು ಓದಿದಾಗ ನನಗೆ ಮೊದಲು ಹೊಳೆದದ್ದು: ಅರೆ, ಇದು ಕೆರೆ! ಹೂಳು, ತೂಬು, ಸರದಿಯ ಜಗಳ ಎಲ್ಲ ನಮಗೆ ಗೊತ್ತಿದ್ದದ್ದೇ. ನಮ್ಮ ನೆಲದಿಂದ ಹಿಮದತ್ತ ಹಾಕಬಹುದಾದ ಸೇತುವೆ ಇಲ್ಲಿತ್ತು. ಕೆರೆಯ ಮೇಲೆ ಅಷ್ಟು ಹಾಡು ಕಟ್ಟಿದ ಕನ್ನಡಕ್ಕೆ ಇದು ಹೊಳೆಯದೆ ಹೋಗಿ ಅರಳೆ ಹೊಳೆಯಿತು.

ಹಾಗಾದರೆ ಕನ್ನಡಿಗರಲ್ಲಿ ಹಿಮವನ್ನು ಮೈಯಿಂದ ಬಲ್ಲವರೇ ಇಲ್ಲವೇ? ಇದ್ದಾರೆ, ಆದರೆ ಅವರು ಬರೆಯುವವರಲ್ಲ. ನನ್ನ ಹತ್ತಿರ ಏಳನೆಯ ಇಯತ್ತೆಯವರೆಗೆ ಕನ್ನಡ ಓದಿದ ಹುಡುಗನೊಬ್ಬ ಸೈನ್ಯ ಸೇರಿ, ಲಡಾಖಿನಲ್ಲಿ ಎರಡು ಚಳಿಗಾಲ ಕಳೆದು, ಈಗ ನಿವೃತ್ತನಾಗಿ ಬಂದಿದ್ದಾನೆ. ಹಿಮ ಹೇಗಿರುತ್ತದಪ್ಪಾ ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅದನ್ನ ನೋಡಾಕ ಯಾರಿಗೆ ಪುರಸೊತ್ತೈತ್ರಿ ಸಾರ್? ಬರಫ್ ಕಾಸಬೇಕು, ನೀರು ಮಾಡಿಕೋಬೇಕು. ಒಂದು ತಪೇಲಿ ಬರಫ್ ಕಾಸಿದ್ರ ತಳದಾಗ ಇಷ್ಟು ನೀರು. ಮಲಗೋಮುಂದ ಕಾಲ್ಬೆರಳು ಅದಾವೋ ಇಲ್ಲೋ ಮುಟ್ಟಿ ನೋಡ್ಕೋಬೇಕು" ಎಂದ. ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ ಎಂದ. ಬಿಸಿಲಿನ ದಿನ ಕಪ್ಪು ಕನ್ನಡಕ ತೆಗೆದರೆ ಕಣ್ಣಲ್ಲಿ ಮೆಣಸಿನಪುಡಿ ಬಿದ್ದ ಹಾಗೆ ಉರಿಯುತ್ತದೆ ಎಂದ. ಆಮೇಲೆ ಸುಮ್ಮನಿದ್ದು, "ಬೀಳೋ ಹೊತ್ನಾಗ ಸಪ್ಪಳನೇ ಇರಂಗಿಲ್ರಿ. ಮಳಿ ಆದ್ರ ಗೊತ್ತಾಗತೈತಿ. ಇದು ಗೊತ್ತಾಗಂಗಿಲ್ಲ" ಎಂದ.

ಮೆಣಸಿನಪುಡಿಯ ಹೋಲಿಕೆಯನ್ನು ಗಮನಿಸಿ. ಬಣ್ಣದಲ್ಲಿ ಕೆಂಪು, ಗುಣದಲ್ಲಿ ಖಾರ, ಹಿಮಕ್ಕೆ ಎಲ್ಲಿಂದಲೂ ಹತ್ತಿರವಲ್ಲ. ಆದರೂ ನಮ್ಮ ಸೀಮೆಯ ಯಾವ ಹೆಂಗಸಿಗೂ ಅದು ಒಮ್ಮೆಲೇ ಅರ್ಥವಾಗುತ್ತದೆ. ನಮ್ಮ ಪ್ರವಾಸ ಕಥನಗಳ ಅರಳೆ ಮಾಡಲಾರದ ಕೆಲಸವನ್ನು ಅದು ಮಾಡಿತು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿದು ಹತ್ತು ಜನ ಸೈನಿಕರು ಹೂತುಹೋದರು. ಅವರಲ್ಲಿ ಒಂಬತ್ತು ಮಂದಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನವರು. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ, ಕೇರಳದ ಕೊಲ್ಲಂ ಜಿಲ್ಲೆಯ ಮನ್ರೋತುರುತ್ತಿನ ಸುಧೀಶ್, ಆಗಿನ ನಮ್ಮ ಕರ್ನೂಲು ಜಿಲ್ಲೆಯ ಪಾರ್ನಪಲ್ಲಿಯ ಮುಷ್ತಾಕ್ ಅಹ್ಮದ್ ಒಂದೇ ಠಾಣೆಯಲ್ಲಿದ್ದರು. ಒಬ್ಬ ಎರೆಹೊಲದ ಕಡೆಯಿಂದ ಹೋದವನು, ಒಬ್ಬ ಅಷ್ಟಮುಡಿ ಕೆರೆಯ ನಡುವಿನ ದ್ವೀಪದವನು, ಒಬ್ಬ ರಾಯಲಸೀಮೆಯವನು. ಆರು ದಿನದ ತರುವಾಯ 25 ಅಡಿಗೂ ಕೆಳಗಿನಿಂದ ಹನುಮಂತಪ್ಪನನ್ನು ಜೀವಸಹಿತ ತೆಗೆದರು. ಫೆಬ್ರವರಿ 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ನಾಡಿಗೆ ನಾಡೇ ಆ ವಾರ ಉಸಿರು ಹಿಡಿದು ಕೂತಿತ್ತು.

ಆ ದಿನಗಳ ಕನ್ನಡ ಬರವಣಿಗೆಯನ್ನು ನೆನಪಿಸಿಕೊಂಡರೆ ಸಿಗುವುದು ವೀರಯೋಧ, ಹಿಮಸಮಾಧಿ, ಮೃತ್ಯುಂಜಯ, ಅಮರ. ದುಃಖ ನಿಜವಾದದ್ದೇ, ಅದನ್ನು ಶಂಕಿಸುವುದು ನನ್ನ ಉದ್ದೇಶವಲ್ಲ. ಆದರೆ ಭಾಷೆ ಮತ್ತೆ ಹಿಮವಂತನ ಆಸ್ಥಾನಕ್ಕೇ ಹೋಯಿತು. ಹಿಮ ಪುನಃ ಶುಭ್ರ, ಪವಿತ್ರ. ಸಿಯಾಚಿನ್‌ಗೆ 1984ರ ಏಪ್ರಿಲ್‌ನಲ್ಲಿ ಸೈನ್ಯ ಏರಿದ ಕಾರ್ಯಾಚರಣೆಗೂ 'ಮೇಘದೂತ' ಎಂದೇ ಹೆಸರಿಟ್ಟಿದ್ದರು. ಕಾಳಿದಾಸ ದೋಷ ಎಂದು ಒಪ್ಪಿಕೊಂಡದ್ದು ಮಾತ್ರ ಯಾರಿಗೂ ನೆನಪಿರಲಿಲ್ಲ. ಆರು ದಿನ ಆ ಕತ್ತಲೆಯಲ್ಲಿ ಒಂದು ಮೈ ಹೇಗೆ ಉಳಿಯಿತು, ಆ ಮೈ ಬೆಟದೂರಿನ ಯಾವ ಬೇಸಿಗೆಯನ್ನು, ಯಾವ ಕೆಲಸವನ್ನು ಬಲ್ಲದ್ದು ಎಂದು ಕೇಳುವ ಕಥೆಯನ್ನು ನಾನು ಕನ್ನಡದಲ್ಲಿ ಓದಿಲ್ಲ. 1948ರ ನವೆಂಬರ್ 1ರಂದು ಜೋಜಿ ಲಾ ಕಣಿವೆಗೆ ಟ್ಯಾಂಕು ಹತ್ತಿಸಿದ ತಿಮ್ಮಯ್ಯನವರು ನಮ್ಮ ಕೊಡಗಿನವರು. ಅದೂ ಜೀವನಚರಿತ್ರೆಗಳ ಪಾಲಾಯಿತು, ಕಥೆಗೆ ಬರಲಿಲ್ಲ.

ಈ ವಿಷಯದಲ್ಲಿ ಮಲಯಾಳ ನಮಗಿಂತ ಬಹಳ ಮುಂದಿದೆ. ಅಲ್ಲಿ ಪಟ್ಟಾಳಕಥೆಗಳೆಂಬ ಒಂದು ಶಾಖೆಯೇ ಬೆಳೆಯಿತು. ಪಾರಪ್ಪುರತ್ತ್, ನಂದನಾರ್, ಕೋವಿಲನ್ ಎಲ್ಲರೂ ಸೈನ್ಯದಲ್ಲಿ ದುಡಿದವರು. ಕೋವಿಲನ್ ನೌಕಾಪಡೆಯಲ್ಲಿದ್ದು, ಆಮೇಲೆ ಭೂಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ಇಪ್ಪತ್ತು ವರ್ಷ ಕಳೆದವರು. ಅವರ ಒಂದು ಕಾದಂಬರಿಯ ಹೆಸರೇ 'ಹಿಮಾಲಯಂ'. ಯಾತ್ರಿಕನ ಹಿಮಾಲಯವಲ್ಲ ಅದು, ರೇಷನ್ನು, ರಜೆ, ಹುಕುಂ, ಊರಿನ ಕಾಗದಗಳ ಲೋಕದಿಂದ ಬಂದವನು ಬರೆದ ಹಿಮಾಲಯ. ವೀರ ಎಂಬ ಶಬ್ದವನ್ನು ಸೈನಿಕನೇ ಬರೆಯುವಾಗ ಹೇಗೆ ಹಿಡಿತದಲ್ಲಿಟ್ಟುಕೊಳ್ಳುತ್ತಾನೆ ಎಂಬುದನ್ನು ಈ ಲೇಖಕರಿಂದ ಕಲಿಯಬೇಕು. ಎಂ.ಟಿ. ಮಂಜನ್ನು ಕಾಲದ ಪ್ರತಿಮೆ ಮಾಡಿದರು, ಅದು ಒಂದು ದಾರಿ. ಆ ದಾರಿಯ ಅನುಕರಣೆಗಳು ಕನ್ನಡದಲ್ಲೂ ಸಾಕಷ್ಟು ಬಂದಿವೆ. ಕೋವಿಲನ್ನರ ದಾರಿಯಲ್ಲಿ ನಮ್ಮವರು ಯಾರೂ ಹೋಗಲಿಲ್ಲ. ನನ್ನ ಮಟ್ಟಿಗೆ ಈಗ ಕನ್ನಡಕ್ಕೆ ಬೇಕಾದದ್ದು ಎರಡನೆಯದು.

ಎರಡೂ ಭಾಷೆಗಳನ್ನು ಮನೆಯ ಒಳಗೂ ಹೊರಗೂ ಆಡುವ ಕಾಸರಗೋಡಿನ ಅನುವಾದಕರು 'ಹಿಮಾಲಯಂ'ನಂಥ ಪಟ್ಟಾಳದ ಬರವಣಿಗೆಯನ್ನು ಕೈಗೆತ್ತಿಕೊಂಡರೆ ಅವರಲ್ಲಿ ನನ್ನದೊಂದು ಕೋರಿಕೆ. ಹಿಮ ಎಂದು ಬರೆದರೆ ಹರಿಹರನ ಮದುವೆಮನೆ ನೆನಪಾಗುತ್ತದೆ. ಮಂಜು ಎಂದರೆ ಕಡಲೆ ಹೊಲ. ಆದೋನಿಯ ಸಂತೆಯಲ್ಲಿ ಬಣ್ಣದ ನೀರು ಹಾಕಿ ಮಾರುವ ಗಡ್ಡೆಗೆ ಅಂಗಡಿಯ ಸಾಬರು ಬರಫ್ ಎನ್ನುತ್ತಿದ್ದರು. ಸೈನ್ಯದ ಹಿಂದಿಯಿಂದ ನನ್ನ ಶಿಷ್ಯ ಹೊತ್ತು ತಂದದ್ದೂ ಅದೇ ಮಾತು. ಹಿಮದಲ್ಲಿ ಎರಡು ಚಳಿಗಾಲ ಬದುಕಿದ ಕನ್ನಡಿಗನ ಬಾಯಲ್ಲಿ ಅದಕ್ಕಿರುವ ಹೆಸರು ಬರಫ್. ಸೈನಿಕ ಮಾತನಾಡುವ ಕಡೆಯಲ್ಲಾದರೂ ಅದನ್ನು ತಿದ್ದದೆ ಹಾಗೆಯೇ ಬಿಡಲಿ.